ಮಾವನ ಡೈಪರಿಗೆ ಅಳಿಯನ ಸಹಿ

ಕುವೈತಿನ ಅಹ್ಮದಿಯಲ್ಲಿ ಎಣ್ಣೆ ಸಿಕ್ಕಿದ್ದು ನಾನು ಅಲ್ಲಿಗೆ ಹೋಗುವುದಕ್ಕೆ ಮೊದಲೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆಮೇಲೆ ಆ ಊರಿನಲ್ಲಿ ನಡೆದ ದೊಡ್ಡ ಕೆಲಸಗಳಲ್ಲಿ ಮುಕ್ಕಾಲು ಪಾಲು ಲೋಕನಾಥ ಎಂಬ ಒಬ್ಬ ಸ್ಟೋರ್ ಕೀಪರಿನ ತಲೆಯಿಂದ ಬಂದದ್ದು. ಆ ಲೋಕನಾಥ ನಾನೇ. ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟಿನಲ್ಲಿ ಕುವೈತಿಗೆ ಏನಾಯಿತೆಂದು ಇಡೀ ಪ್ರಪಂಚಕ್ಕೆ ಗೊತ್ತು. ಅದೇ ವರ್ಷದ ಜೂನಿನಲ್ಲಿ ಏನಾಯಿತೆಂದು ಮಾತ್ರ ಯಾವ ಪತ್ರಿಕೆಯೂ ಬರೆಯಲಿಲ್ಲ. ಬರೆಯಬೇಕಿತ್ತು.

ನಮ್ಮದು ಅಮೆರಿಕದವರ ಕಂಪನಿ. ಎಣ್ಣೆ ಬಾವಿಗಳಿಗೆ ಪೈಪು, ವಾಲ್ವು ಒದಗಿಸುವ ಕೆಲಸ. ಹಿಂದಿನ ವರ್ಷದ ಜುಲೈಯಲ್ಲಿ ದೊಡ್ಡ ಸಾಹೇಬರು ತಮ್ಮ ದೇಶದ ಒಂದು ಪದ್ಧತಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದರು. ಅದರ ಹೆಸರು ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್. ಪ್ರತಿ ತಿಂಗಳು ಸಂಬಳದಿಂದ ನೀವು ಹೇಳಿದಷ್ಟನ್ನು ಹಿಡಿದಿಡುತ್ತಾರೆ. ಮನೆಯಲ್ಲಿರುವ ಯಾರಿಗೇ ಆಗಲಿ ಔಷಧಿ, ಕನ್ನಡಕ, ಪಟ್ಟಿ, ಊರುಗೋಲು ಕೊಂಡು, ಯಾರಿಗೆಂದು ಹೆಸರು ಬರೆದು ಬಿಲ್ಲು ಕೊಟ್ಟರೆ ಅದರಿಂದ ಹಣ ಕೊಡುತ್ತಾರೆ. ಜೂನ್ ಮೂವತ್ತರೊಳಗೆ ಖರ್ಚಾಗದೆ ಉಳಿದದ್ದು ಖಲಾಸ್, ಕಂಪನಿಯ ಪಾಲು.

ಈ ಕೊನೆಯ ಸಾಲನ್ನು ನಾನು ಓದಲಿಲ್ಲ. ಓದಲು ಪುರುಸೊತ್ತೆಲ್ಲಿತ್ತು? ಪಕ್ಕದಲ್ಲಿ ತಿಲಕ್ ನಿಂತಿದ್ದ. ತಿಲಕ್ ಎಂದರೆ ಸೇಲ್ಸ್ ವಿಭಾಗದವನು, ನಮ್ಮ ಕರಾವಳಿ ಸಂಘದ ಕಾರ್ಯದರ್ಶಿ, ಟೈಯನ್ನು ಒಗೆಯುವಾಗಲೂ ಬಿಚ್ಚದವನು. ಅವನು ತಿಂಗಳಿಗೆ ಐದು ದಿನಾರ್ ಎಂದು ಬರೆಯುವುದನ್ನು ನೋಡಿ ನಾನು ಅವನ ಕಣ್ಣೆದುರೇ ಮೂವತ್ತು ಎಂದು ಬರೆದೆ. ಅದಕ್ಕಿಂತ ಮೇಲೆ ಬರೆಯಲು ಸಾಹೇಬರಿಗೂ ಅವಕಾಶವಿರಲಿಲ್ಲ.

ಫಾರಂ ತೆಗೆದುಕೊಂಡ ಪರ್ಸನೆಲ್ ವಿಭಾಗದ ಡೊರೊತಿ ಬಾಯಿ ಕನ್ನಡಕದ ಮೇಲಿನಿಂದ ನೋಡಿದರು. ಅವರು ಮಂಗಳೂರಿನ ಬಿಜೈಯವರು, ಸುಳ್ಳನ್ನು ವಾಸನೆಯಿಂದಲೇ ಹಿಡಿಯುವವರು.

"ಲೋಕನಾಥ್, ನಿಮಗೆ ಅಷ್ಟು ಕಾಯಿಲೆ ಎಂತದ್ದು ಉಂಟು?"

"ಕಾಯಿಲೆ ಇಲ್ಲ ಬಾಯಿ, ಯೋಗ್ಯತೆ ಉಂಟು."

ಆಮೇಲಿನ ಹತ್ತು ತಿಂಗಳು ನನಗೆ ಒಂದು ನೆಗಡಿಯೂ ಬರಲಿಲ್ಲ. ನನ್ನ ಆರೋಗ್ಯ ಅಂಥದ್ದು, ರೋಗಾಣುಗಳು ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತವೆ. ಮೇ ತಿಂಗಳಲ್ಲಿ ಡೊರೊತಿ ಬಾಯಿ ಕರೆದು, "ಜೂನಿಗೆ ಮುಗೀತದೆ, ಗೊತ್ತುಂಟಲ್ಲ?" ಎಂದಾಗ ನಾನು ಕಾಯಿಲೆ ಬೀಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಒದ್ದೆ ತಲೆಯಲ್ಲಿ ಏಸಿಯ ಮುಂದೆ ಕುಳಿತೆ. ಐವತ್ತು ಡಿಗ್ರಿ ಬಿಸಿಲಲ್ಲಿ ಬರಿತಲೆಯಲ್ಲಿ ನಿಂತೆ. ಬಿಸಿಲಿಗೇ ಸುಸ್ತಾಯಿತು, ನನಗೆ ಏನೂ ಆಗಲಿಲ್ಲ. ಕೊನೆಗೆ ಬಾಯಿ ಕನಿಕರಪಟ್ಟು, ಕೊಳ್ಳಬಹುದಾದ ಸಾಮಾನುಗಳ ಪಟ್ಟಿಯನ್ನೇ ಕೈಗಿತ್ತರು. ಅದನ್ನು ಮನೆಯಲ್ಲಿ ನನ್ನ ಹೆಂಡತಿ ಹರಿಣಾಕ್ಷಿ ಓದಿ, ಹದಿನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟಳು.

"ದೊಡ್ಡವರ ಡೈಪರ್. ಅಪ್ಪನಿಗೆ."

ಇಲ್ಲಿ ನನ್ನ ಮಾವನ ಬಗ್ಗೆ ಹೇಳಬೇಕು. ದೂಮಪ್ಪ ಮಾಸ್ಟ್ರು ಎಂದರೆ ಮೂಲ್ಕಿಯಿಂದ ಕಾಸರಗೋಡಿನವರೆಗೆ ಎಲ್ಲರಿಗೂ ಗೊತ್ತು. ತಾಳಮದ್ದಳೆಯಲ್ಲಿ ಅವರದ್ದು ದೊಡ್ಡ ಹೆಸರು. ತಾಳಮದ್ದಳೆಗೆ ಬಣ್ಣ, ಕಿರೀಟ, ಕುಣಿತ ಯಾವುದೂ ಬೇಡ. ಭಾಗವತರು ಪದ ಹಾಡುತ್ತಾರೆ, ಪಂಚೆ ಉಟ್ಟ ಇಬ್ಬರು ಅರ್ಥಧಾರಿಗಳು ರಾಜರಾಗಿ ಎದುರುಬದುರು ಕುಳಿತು ಗಂಟೆಗಟ್ಟಲೆ ವಾದ ಮಾಡುತ್ತಾರೆ, ಅದಕ್ಕೇ ಅರ್ಥ ಹೇಳುವುದು ಎನ್ನುವುದು. ವಾದದ ನಡುವೆ ಎದ್ದವನು ಸೋತ ಎಂದು ನಮ್ಮ ಕಡೆ ಲೆಕ್ಕ. ಒಮ್ಮೆ ಮಾವ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯದೆ ಎದುರಾಳಿ ನೇರ ಮುಂಬಯಿಗೆ ಹೋಗಿ ಹೋಟೆಲು ತೆರೆದನಂತೆ. ಆ ಹೋಟೆಲಿನ ಇಡ್ಲಿ ಇವತ್ತಿಗೂ ನಿರುತ್ತರವಾಗಿಯೇ ಇದೆ.

ಅಂಥ ಮಾವ ಏಪ್ರಿಲ್ ಕೊನೆಗೆ ನಮ್ಮ ಮನೆಗೆ ಬಂದವರು ಬಾಗಿಲು ದಾಟಿರಲಿಲ್ಲ. ಸಂಘದವರು ತಾಳಮದ್ದಳೆ ಕೂಟಕ್ಕೆ ಕರೆಯಲು ಮೂರು ಸಲ ಬಂದರು. ಮಾವ ಒಂದು ಸಲ ಗಂಟಲು ಎಂದರು, ಒಂದು ಸಲ ಧೂಳು ಎಂದರು, ಮೂರನೆಯ ಸಲ ಮಲಗಿಬಿಟ್ಟರು.

"ಗಂಟಲೂ ಅಲ್ಲ, ಧೂಳೂ ಅಲ್ಲ," ಹರಿಣಾಕ್ಷಿ ಅಡುಗೆಮನೆಯ ಬಾಗಿಲು ಮುಚ್ಚಿ ಹೇಳಿದಳು. "ಮೂತ್ರ ನಿಲ್ಲುದಿಲ್ಲ ಅವ್ರಿಗೆ. ಅರ್ಧ ಗಂಟೆ ಕೂತ್ರೆ ಹೆಚ್ಚು. ಡಾಕ್ಟ್ರು ಪ್ರಾಯದ್ದು ಅಂದ್ರು. ಮೂರು ವರ್ಷದ ಹಿಂದೆ ಒಂದು ಕೂಟದಲ್ಲಿ ನಡುವೆ ಎದ್ದು ಹೋದ್ರು, ಸೋತ್ರು ಅಂತ ಜನ ಚಪ್ಪಾಳೆ ಹೊಡೆದ್ರು. ಅವತ್ತಿಂದ ಅರ್ಥ ಹೇಳ್ಲಿಲ್ಲ. ಮಾತಾಡುದೇ ಕಮ್ಮಿ ಆಯ್ತು ನೋಡಿ. ಜೂನ್ ಕೊನೆಗೆ ವೀಸಾ ಮುಗೀತದೆ. ಹೀಗೇ ವಾಪಸು ಹೋದ್ರೆ ಆ ಬಾಯಿ ಇನ್ನು ತೆರೀಲಿಕ್ಕಿಲ್ಲ."

ಮಾವನಿಗೂ ನನ್ನ ಅಕೌಂಟಿಗೂ ಒಂದೇ ಗಡುವು! ನಾನು ಅವತ್ತೇ ಮಿರ್ಕಾಬಿಗೆ ಓಡಿದೆ. ಅಲ್ಲಿ ಉಳ್ಳಾಲದ ಅಬೂಬಕ್ಕರ್ ಬ್ಯಾರಿಯ ಮೆಡಿಕಲ್ ಸಾಮಾನಿನ ಅಂಗಡಿಯಿತ್ತು.

"ಯಾರಿಗೆ ಲೋಕಣ್ಣ?"

"ನನಗೇ."

ಅಬೂಬಕ್ಕರ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಯಾ ಅಲ್ಲಾ! ಎಷ್ಟು ಬೇಕು?"

"ಎಷ್ಟು ಉಂಟು?"

ಮೂವತ್ತು ಪ್ಯಾಕೆಟ್ ಇತ್ತು. ಮೂವತ್ತನ್ನೂ ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದೆ. ಹತ್ತೊಂಬತ್ತು ಡಿಕ್ಕಿಯಲ್ಲಿ, ಹತ್ತು ಹಿಂದಿನ ಸೀಟಿನಲ್ಲಿ, ಒಂದು ನನ್ನ ತೊಡೆಯ ಮೇಲೆ.

ಮಾವ ಪ್ಯಾಕೆಟಿನ ಮೇಲಿನ ಚಿತ್ರ ನೋಡಿ ಗುಡುಗಿದರು. "ಇದು ಶಿಶುಗಳಿಗೆ ಕಟ್ಟುವುದಲ್ವಾ ಮಾರಾಯ?"

"ಅಲ್ಲ ಮಾವ. ಚಂದ್ರನ ಮೇಲೆ ಹೋದ ಅಮೆರಿಕದವರು ಇಂಥದ್ದನ್ನೇ ಕಟ್ಟಿಕೊಂಡು ಹೋದದ್ದು. ಅಲ್ಲಿ ಅವರು ಎದ್ದು ಹೋಗ್ಲಿಕ್ಕೆ ಎಲ್ಲಿಗೆ ಹೋಗುದು?"

ಮಾವ ಪ್ಯಾಕೆಟನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು. ವಾದದಲ್ಲಿ ಅವರು ಒಪ್ಪುವುದು ತರ್ಕವನ್ನು ಮಾತ್ರ. ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಅರ್ಥ ಹೇಳಲು ಕುಳಿತರು. ಹೊರಗೆ ನಾನು, ಹರಿಣಾಕ್ಷಿ ಗಡಿಯಾರ ಹಿಡಿದು ನಿಂತೆವು. ಒಂದು ಗಂಟೆ. ಎರಡು ಗಂಟೆ. ಒಳಗೆ ಸ್ವರ ಏರುತ್ತಾ ಹೋಯಿತು. ಮೂರನೆಯ ಗಂಟೆಯಲ್ಲಿ ಮೇಲಿನ ಮನೆಯ ಈಜಿಪ್ಟಿನವನು ಭೂಕಂಪವೆಂದು ಮಕ್ಕಳನ್ನೆತ್ತಿಕೊಂಡು ಕೆಳಗಿಳಿದ. ಮೂರೂವರೆ ಗಂಟೆಗೆ ಬಾಗಿಲು ತೆರೆಯಿತು.

"ತಿಲಕನಿಗೆ ಹೇಳು, ನಾನು ಬರ್ತೇನೆ ಅಂತ," ಎಂದರು ಮಾವ. ಆಮೇಲೆ ಸ್ವರ ತಗ್ಗಿಸಿ, "ಆದರೆ ಇದರ ವಿಷಯ ಹೊರಗೆ ಹೋಗಬಾರದು. ಯಾವ ಕಾಗದದಲ್ಲೂ ನನ್ನ ಹೆಸರು ಬರಬಾರದು ಲೋಕನಾಥ. ಬಂದರೆ ನಾನು ಆ ಸಭೆಯಲ್ಲಿ ಕೂರುವುದಿಲ್ಲ."

"ಮಾವಾ, ಈ ಲೋಕನಾಥ ಇರುವಾಗ!" ಎಂದೆ ನಾನು. ಫಾರಮಿನಲ್ಲಿ ‘ಯಾರಿಗಾಗಿ’ ಎಂಬಲ್ಲಿ ‘ಸ್ವತಃ’ ಎಂದು ಬರೆದು ಸಹಿ ಹಾಕಿದೆ. ನನ್ನ ಸಹಿ ದೊಡ್ಡದು, ಎರಡು ಸಾಲು ಹಿಡಿಯುತ್ತದೆ.

ಡೊರೊತಿ ಬಾಯಿ ಅದನ್ನೋದಿ ಶಿಲುಬೆ ಗುರುತು ಹಾಕಿಕೊಂಡರು. "ಕ್ಷಮಿಸಿ ಲೋಕನಾಥ್, ಅವತ್ತು ನಾನು ತಮಾಷೆ ಮಾಡಿದ್ದು. ನನ್ನ ಬಾಯಿಂದ ಇದು ಹೊರಗೆ ಹೋಗುದಿಲ್ಲ." ಹೋಗಲೂ ಇಲ್ಲ. ಆದರೆ ಮೂವತ್ತು ಪ್ಯಾಕೆಟಿನ ಬಿಲ್ಲು ಮಂಜೂರಾಗಲು ದೊಡ್ಡ ಆಫೀಸಿಗೆ ಹೋಗಬೇಕು. ಅಲ್ಲಿಂದ ಮಂಜೂರಾತಿ ಫ್ಯಾಕ್ಸಿನಲ್ಲಿ ಬಂತು, ನನ್ನ ಹೆಸರು ದಪ್ಪಕ್ಷರದಲ್ಲಿ, ಸಾಮಾನಿನ ಹೆಸರು ಅದಕ್ಕಿಂತ ದಪ್ಪಕ್ಷರದಲ್ಲಿ. ಫ್ಯಾಕ್ಸ್ ಯಂತ್ರ ಇದ್ದದ್ದು ತಿಲಕನ ಮೇಜಿನ ಪಕ್ಕ.

ಮಧ್ಯಾಹ್ನದೊಳಗೆ ಅಹ್ಮದಿಗೆ ಗೊತ್ತಾಯಿತು. ಸಂಜೆಗೆ ದೂರದ ಬಡಾವಣೆ ರಾಯ್‌ನ ಗ್ಯಾರೇಜುಗಳಿಗೆ ಗೊತ್ತಾಯಿತು. ಮರುದಿನ ನಾನು ಕಚೇರಿಗೆ ಬಂದಾಗ ನನ್ನ ಮೇಜು ಇದ್ದಲ್ಲಿ ಇರಲಿಲ್ಲ. ಅದನ್ನು ಕಕ್ಕಸಿನ ಬಾಗಿಲಿಗೆ ಒತ್ತಿಕೊಂಡು ಇಟ್ಟಿದ್ದರು, ಮೇಲೊಂದು ಹೂದಾನಿ ಬೇರೆ.

ಎಂಜಿನಿಯರ್ ಸಿದ್ದಯ್ಯನವರು ಮಂಡ್ಯದವರು, ತುಂಬ ಒಳ್ಳೆಯವರು, ಗುಟ್ಟನ್ನೂ ಗದ್ದೆಯ ಆಚೆ ಬದಿಯವನಿಗೆ ಹೇಳುವಂತೆ ಹೇಳುವವರು. ಕಚೇರಿಯ ಇನ್ನೊಂದು ತುದಿಯಿಂದಲೇ ಶುರು ಮಾಡಿದರು. "ಲೋಕ್ನಾಥೂ! ಏನ್ ಸಾರ್, ಈ ವಯಸ್ಗೇ? ನಾಚ್ಕೋಬ್ಯಾಡಿ ಕಣ್ರೀ, ನಮ್ ದೊಡ್ಡಪ್ಪಂಗೂ ಹಿಂಗೇ ಆಗಿತ್ತು!"

"ಸಿದ್ದಯ್ಯನವರೇ, ಸ್ವಲ್ಪ ಮೆಲ್ಲ..."

"ಯಾರಿಗೂ ಹೇಳಕಿಲ್ಲ ಬುಡಿ!" ಎಂದು ಅವರು ಕೂಗಿದ್ದು ಪಾರ್ಕಿಂಗಿನಲ್ಲಿದ್ದ ಡ್ರೈವರುಗಳಿಗೂ ಕೇಳಿಸಿತು.

ಸಂಜೆ ಅವರ ಹೆಂಡತಿ ಪದ್ಮಮ್ಮ ಡಬ್ಬಿ ತುಂಬ ಎಳ್ಳುಂಡೆ ಹಿಡಿದು ಮನೆಗೇ ಬಂದರು. "ದಿನಕ್ಕೆ ಮೂರು ತಿನ್ನಿ ಅಣ್ಣಾ. ನಮ್ ಮಗ ಮನೀಷ ಏಳ್ ವರ್ಷದವರ್ಗೂ ಹಾಸ್ಗೆ ಒದ್ದೆ ಮಾಡ್ತಿದ್ದ, ಇದ್ರಲ್ಲೇ ನಿಂತಿದ್ದು. ಸಾಯಂಕಾಲ ಆರರ್ ಮೇಲೆ ನೀರ್ ಮುಟ್ಬೇಡಿ." ಒಳಗಿನ ಕೋಣೆಯಿಂದ ಮಾವ ಕೆಮ್ಮಿದರು. ಬಾಗಿಲು ಮುಚ್ಚಿತ್ತು, ಕಿವಿ ಸ್ವಲ್ಪ ಮಂದ. ಯಾರಿಗೋ ಮನೆಮದ್ದು ಎಂದಷ್ಟೇ ಅವರಿಗೆ ಕೇಳಿಸಿದ್ದು.

ಕಂಪನಿ ಬಸ್ಸಿನದ್ದು ಇನ್ನೊಂದು ಕಥೆ. ನಾವು ಸಾಲ್ಮಿಯಾದಲ್ಲಿದ್ದೆವು, ಅಹ್ಮದಿಯಿಂದ ಮುಕ್ಕಾಲು ಗಂಟೆಯ ದಾರಿ. ಪೇಶಾವರದ ಡ್ರೈವರ್ ಹೃದಯವಂತ. ಎರಡು ಕಿಲೋಮೀಟರಿಗೊಮ್ಮೆ ಬಸ್ಸು ನಿಲ್ಲಿಸಿ ಹಿಂದೆ ತಿರುಗುತ್ತಿದ್ದ. "ಲೋಕನಾಥ್ ಭಾಯಿ, ಚಲೋ, ಉತರೋ!" ನಲವತ್ತು ಜನ ಕಿಟಕಿಯಿಂದಾಚೆ ಮುಖ ತಿರುಗಿಸಿ, ಗೌರವದಿಂದ ಕಾಯುತ್ತಿದ್ದರು. ಇಳಿಯದಿದ್ದರೆ ಬಸ್ಸು ಹೊರಡುತ್ತಿರಲಿಲ್ಲ. ನಾನು ಇಳಿದು, ಒಂದು ಫಲಕದ ಹಿಂದೆ ನಿಂತು, ಮರುಭೂಮಿಯನ್ನು ನೋಡಿ, ನೂರರವರೆಗೆ ಎಣಿಸಿ ವಾಪಸು ಹತ್ತುತ್ತಿದ್ದೆ. ಆ ರಸ್ತೆಯ ಪ್ರತಿ ಫಲಕದ ಹಿಂಭಾಗ ನೋಡಿದ ಏಕೈಕ ಕನ್ನಡಿಗ ನಾನು.

ಇಷ್ಟನ್ನೂ ನಗುನಗುತ್ತಾ ತಡೆದೆ. ತಡೆಯಲಾಗದ ಏಟು ಬಂದದ್ದು ಸಂಘದ ಸಭೆಯಲ್ಲಿ. ಏಳು ವರ್ಷದಿಂದ ಸಂಘದ ಸ್ವಾಗತ ಭಾಷಣ ನನ್ನದು. ಕೆಲವರು ಅದನ್ನು ಕೇಳಲೆಂದೇ ಬರುತ್ತಾರೆ, ಕೆಲವರು ಅದು ಮುಗಿದ ಮೇಲೆ ಬರುತ್ತಾರೆ.

"ಈ ಸಲ ಬೇಡ ಲೋಕಣ್ಣ," ಎಂದ ತಿಲಕ್, ಟೈ ಸರಿಮಾಡಿಕೊಳ್ಳುತ್ತಾ. "ನಿಮ್ಮದು ನಲವತ್ತು ನಿಮಿಷ ಅಲ್ವಾ. ನಡುವೆ ಎಂತಾದ್ರೂ ಆದ್ರೆ ಸಂಘದ ಮರ್ಯಾದೆ ಪ್ರಶ್ನೆ. ನಿಮಗೆ ಬಾಗಿಲ ಹತ್ರ ಒಂದು ಕುರ್ಚಿ ಇಡಿಸ್ತೇನೆ, ಬೇಕಾದಾಗ ಹೋಗ್ಲಿಕ್ಕೆ."

ಎಲ್ಲವನ್ನೂ ಮಾವನಿಗೆ ಹೇಳಿಯೇಬಿಡುತ್ತೇನೆಂದು ಮನೆಗೆ ಬಂದೆ. ಕೋಣೆಯಲ್ಲಿ ಮಾವ ಅರ್ಥ ಹೇಳುತ್ತಿದ್ದರು. ಹರಿಣಾಕ್ಷಿ ಸೌಟು ಹಿಡಿದುಕೊಂಡು ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಸಾರು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು.

"ಎಂತ ಆಯ್ತು?" ಎಂದಳು ನನ್ನ ಮುಖ ನೋಡಿ.

"ಎಂತ ಇಲ್ಲ. ಊಟ ಆಯ್ತಾ ಕೇಳ್ಲಿಕ್ಕೆ ಬಂದೆ."

ಕೂಟ ಜೂನ್ ಇಪ್ಪತ್ತೆರಡು, ಶುಕ್ರವಾರ ಮಧ್ಯಾಹ್ನ, ಸಾಲ್ಮಿಯಾದ ಒಂದು ಶಾಲೆಯ ಹಾಲಿನಲ್ಲಿ. ಮುನ್ನೂರು ಜನ ಬಂದಿದ್ದರು, ನನ್ನ ಲೆಕ್ಕದಲ್ಲಿ ಮೂರು ಸಾವಿರ. ಭಾಗವತರು ರಾಯ್‌ನಲ್ಲಿ ಕ್ರೇನ್ ನಡೆಸುವವರು. ಕ್ರೇನಿನ ಮೇಲೆ ಕುಳಿತೇ ಅವರು ಹೊಸ ಪ್ರಸಂಗವೊಂದನ್ನು ಕಟ್ಟಿದ್ದರು. ಹೆಸರು ‘ರುಕ್ಮಧ್ವಜ ಗರ್ವಭಂಗ’. ರುಕ್ಮಧ್ವಜನೆಂಬ ರಾಜ ಶತ್ರುವಿನ ಬಾಣಕ್ಕೆ ಹೆದರಿ ತನ್ನ ಕಿರೀಟವನ್ನು ಸಾರಥಿಯ ತಲೆಗಿಟ್ಟು ಯುದ್ಧಕ್ಕೆ ನಿಲ್ಲಿಸುತ್ತಾನೆ. ಬಾಣ ಸಾರಥಿಗೆ ತಾಗುತ್ತದೆ. ಗೆದ್ದ ಶೂರಬಾಹು ರುಕ್ಮಧ್ವಜನನ್ನು ಹಿಡಿದು ಪ್ರಶ್ನೆ ಕೇಳುತ್ತಾನೆ. ರುಕ್ಮಧ್ವಜ ತಿಲಕ್, ಶೂರಬಾಹು ನಮ್ಮ ಮಾವ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ. ತಿಲಕ್ ಮಾತು ಉಳಿಸಿಕೊಂಡಿದ್ದ.

ಮಾವ ಬಾಯಿ ತೆರೆದರು ನೋಡಿ! ಮೊದಲ ಅರ್ಧ ಗಂಟೆಗೆ ಮಕ್ಕಳು ಗಲಾಟೆ ನಿಲ್ಲಿಸಿದರು. ಒಂದು ಗಂಟೆಗೆ ಹೆಂಗಸರು ಮಾತು ನಿಲ್ಲಿಸಿದರು. ಎರಡನೆಯ ಗಂಟೆಗೆ ಏಸಿಯೇ ನಿಂತಿತು, ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸಾಲಿನಲ್ಲಿ ಹರಿಣಾಕ್ಷಿ ಗಡಿಯಾರ ನೋಡುವುದನ್ನೇ ಮರೆತಿದ್ದಳು.

"ನಿನಗೆ ಬರಬೇಕಾದ ಬಾಣಕ್ಕೆ ಇನ್ನೊಬ್ಬನ ಎದೆಯನ್ನು ಒಡ್ಡಿದೆಯಲ್ಲ," ಎಂದು ಮಾವ ಶೂರಬಾಹುವಾಗಿ ಗುಡುಗಿದರು, "ನೀನು ಯಾವ ಸೀಮೆಯ ಅರಸು?"

ವಾದ ಶುರುವಾಗಿ ಮೂರೂವರೆ ಗಂಟೆಯಾಗಿತ್ತು. ತಿಲಕ್ ಬೆವರುತ್ತಿದ್ದ. ಸ್ವರ ಉಳಿಯಲೆಂದು ಅವನು ನಾಲ್ಕು ಗ್ಲಾಸು ಸುಲೈಮಾನಿ ಚಹಾ ಕುಡಿದಿದ್ದ. "ಸಾರಥಿಯನ್ನು ನಾನು ಬಲಾತ್ಕರಿಸಲಿಲ್ಲ, ಶೂರಬಾಹು! ಅವನೇ ನಗುತ್ತಾ ಕಿರೀಟ ಇಟ್ಟುಕೊಂಡ. ನನ್ನ ತಪ್ಪೇನು?" ಎಂದ. ಸಭೆ ತಲೆದೂಗಿತು. ಆ ತಲೆದೂಗುವಿಕೆಯ ಉಮೇದಿನಲ್ಲಿ ಒಂದು ಹೆಜ್ಜೆ ಹೆಚ್ಚು ಹೋದ. ಬಾಗಿಲ ಕಡೆ ಕೈ ತೋರಿಸಿ, "ಸಭಾಮರ್ಯಾದೆಯನ್ನು ನನಗೆ ಕಲಿಸುವ ಮೊದಲು, ನಿನ್ನ ಮನೆಯವರು ಸಭೆಯಲ್ಲಿ ಒದ್ದೆಯಾಗದೆ ಕೂರುವುದನ್ನು ಕಲಿಯಲಿ!"

ಮುನ್ನೂರು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ನಗೆ ಎಷ್ಟು ಜೋರಾಗಿ ಬಂತೆಂದರೆ ಮದ್ದಳೆ ತಾನಾಗಿ ದಿಮ್ಮೆಂದಿತು. ನಾನೂ ನಕ್ಕೆ, ಬೇರೆಯವರಿಗಿಂತ ಜೋರಾಗಿಯೇ.

ಮಾವ ನಗಲಿಲ್ಲ. ಮದ್ದಳೆಯವನ ಕಡೆ ಬಗ್ಗಿ, "ಎಂತದ್ದು ಇವರು ಹೇಳುದು?" ಎಂದು ಕೇಳಿದರು. ಅವನು ಕಿವಿಯಲ್ಲಿ ಪಿಸುಗುಟ್ಟಿದ. ಮೇಜು, ಬಸ್ಸು, ಸ್ವಾಗತ ಭಾಷಣ, ಎಲ್ಲವನ್ನೂ ಪಿಸುಗುಟ್ಟಿದನೆಂದು ಕಾಣುತ್ತದೆ, ಅಷ್ಟು ಹೊತ್ತು ಹಿಡಿಯಿತು. ಮಾವ ಬಾಗಿಲ ಹತ್ತಿರ ಕುಳಿತ ನನ್ನನ್ನು ನೋಡಿದರು. ನಾನು ಕಣ್ಣಲ್ಲೇ ‘ಬೇಡ ಮಾವ’ ಎಂದೆ. ನಗುತ್ತಿದ್ದವರು ಒಬ್ಬೊಬ್ಬರಾಗಿ ಮಾವನತ್ತ ತಿರುಗಿದರು. ವಾದದಲ್ಲಿ ದೂಮಪ್ಪ ಮಾಸ್ಟ್ರು ಉತ್ತರಕ್ಕೆ ತಡಕಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ರುಕ್ಮಧ್ವಜಾ," ಎಂದರು ಕೊನೆಗೆ. "ಸಾರಥಿ ನಗುತ್ತಾ ಒಪ್ಪಿದ ಎಂದೆ. ನಗುತ್ತಾ ಒಪ್ಪಿದವನಿಗೆ ಬಾಣ ನೋಯುವುದಿಲ್ಲವೆ ಎಂದು ನಿನ್ನನ್ನು ಕೇಳಬೇಕು. ಕೇಳುವ ಬಾಯಿ ನನಗಿಲ್ಲ." ಆಮೇಲೆ ಶೂರಬಾಹುವನ್ನು ಬಿಟ್ಟು, ಶಾಲೆಯಲ್ಲಿ ಪಾಠ ಹೇಳುವ ಸ್ವರದಲ್ಲಿ ಮಾತಾಡಿದರು. "ಆ ಲೋಕನಾಥನಿಗೆ ಯಾವ ಕಾಯಿಲೆಯೂ ಇಲ್ಲ. ಕಾಯಿಲೆ ನನಗೆ. ಮೂರು ವರ್ಷದಿಂದ ಉಂಟು. ಆ ಡೈಪರ್ ಈಗ ನನ್ನ ಪಂಚೆಯ ಒಳಗೆ ಉಂಟು. ಅದು ಇದ್ದದ್ದಕ್ಕೇ ನಾನು ನಿಮ್ಮೆದುರು ಕೂತದ್ದು. ನನ್ನ ಹೆಸರು ಬರಬಾರದು ಅಂದೆ, ಅವನು ತನ್ನ ಹೆಸರು ಬರೆದ. ನಗುವುದಿದ್ದರೆ ಈ ಕಡೆ ನೋಡಿ ನಗಿ."

ಯಾರೂ ನಗಲಿಲ್ಲ. ಎರಡನೆಯ ಸಾಲಿನಿಂದ ಸಿದ್ದಯ್ಯನವರು ಎದ್ದುನಿಂತು, "ಭೇಷ್ ಮೇಷ್ಟ್ರೇ! ಗಂಡಸು ಕಣ್ರೀ!" ಎಂದು ಕೂಗಿದರು. ಚಪ್ಪಾಳೆ ಶುರುವಾದದ್ದು ನಿಲ್ಲಲೇ ಇಲ್ಲ. ಹರಿಣಾಕ್ಷಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಕೊನೆಗೆ ಮಾವನೇ ಕೈಯೆತ್ತಿ ನಿಲ್ಲಿಸಿದರು.

"ಭಾಗವತರೇ, ಪದ ಆಗಲಿ. ನಾನು ಎದ್ದಿಲ್ಲ. ವಾದ ಬಾಕಿ ಉಂಟು."

ಮತ್ತೆ ಶೂರಬಾಹು ಬಂದ. ಎಂಥ ಶೂರಬಾಹು! ಮುಚ್ಚಿಡುವುದೇನೂ ಉಳಿಯದ ಮನುಷ್ಯನ ಮಾತು ಹೇಗಿರುತ್ತದೆಂದು ಅವತ್ತು ನೋಡಿದೆ. ಒಂದರ ಹಿಂದೆ ಒಂದು ಪ್ರಶ್ನೆ, ಪ್ರತಿಯೊಂದಕ್ಕೂ ಬಾಲದಲ್ಲಿ ಇನ್ನೆರಡು. ತಿಲಕ್ ಮೊದಲು ಒಂದು ಕಾಲಿನ ಮೇಲೆ ಇನ್ನೊಂದು ಹಾಕಿದ. ಆಮೇಲೆ ಬದಲಿಸಿದ. ಆಮೇಲೆ ಎರಡನ್ನೂ ಒತ್ತಿಹಿಡಿದು ಚಾವಣಿ ನೋಡಿದ. ನಾಲ್ಕು ಗ್ಲಾಸು ಸುಲೈಮಾನಿ ತನ್ನ ಕೆಲಸ ಶುರುಮಾಡಿತ್ತು.

"ಉತ್ತರ ಕೊಡು ರುಕ್ಮಧ್ವಜಾ! ಯಾಕೆ ಚಡಪಡಿಸುವೆ?"

"ಕೊಡುತ್ತೇನೆ... ಶೂರಬಾಹು... ಒಂದು... ಒಂದು ನಿಮಿಷ ಮಾಸ್ಟ್ರೇ!" ಎಂದು ರುಕ್ಮಧ್ವಜ ಎದ್ದ. ಪಂಚೆ ಎತ್ತಿ ಕಟ್ಟಿ, ಹಾಲಿನ ಉದ್ದಕ್ಕೆ ಓಡಿ, "ದಾರಿ ಬಿಡಿ ಲೋಕಣ್ಣ!" ಎಂದು ನನ್ನ ಕುರ್ಚಿಯನ್ನೇ ದೂಡಿಕೊಂಡು ಹೊರಗೆ ಹಾರಿದ.

ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಶತ್ರು ರಣರಂಗ ಬಿಟ್ಟ. ಅಟ್ಟಿಸಿಕೊಂಡು ಹೋಗುವುದು ಧರ್ಮವಲ್ಲ. ಕಾಯೋಣ," ಎಂದರು. ಜನ ಬೆಂಚು ಬಡಿದರು. ಭಾಗವತರು ಸಮಯ ನೋಡಿ ಮಂಗಳ ಹಾಡಿಬಿಟ್ಟರು. ತಿಲಕ್ ವಾಪಸು ಬರುವಾಗ ಮೈಕು ನನ್ನ ಕೈಯಲ್ಲಿತ್ತು. ಕಾರ್ಯಕ್ರಮ ಮುಗಿದ ಮೇಲೆ ಸ್ವಾಗತ ಭಾಷಣ ಮಾಡಿದ ಕೀರ್ತಿ ಇವತ್ತಿಗೂ ನನ್ನೊಬ್ಬನದೇ. ಅದೂ ಒಂದು ಗಂಟೆ.

ಊಟಕ್ಕೆ ಸಾಲು ನಿಂತಿತ್ತು. ಮಾವ ಅಬೂಬಕ್ಕರನ ಭುಜ ಹಿಡಿದುಕೊಂಡು, ಮುಂದಿನ ಶುಕ್ರವಾರ ಊರಿಗೆ ಹೊರಡುವ ಮೊದಲು ಇನ್ನೊಂದು ಕೂಟ ಆಗಲೇಬೇಕೆಂದು ಪಟ್ಟು ಹಿಡಿದಿದ್ದರು. ನಾನು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಪಕ್ಕದ ನಲ್ಲಿಗೆ ಬಂದ ಭಾಗವತರು ನೀರನ್ನು ಜೋರಾಗಿ ಬಿಟ್ಟು, "ಲೋಕಣ್ಣ, ಆ ಅಂಗಡಿ ಮಿರ್ಕಾಬಿನಲ್ಲಿ ಎಲ್ಲಿ? ನನಗಲ್ಲ, ಊರಲ್ಲಿ ನನ್ನ ಮಾವ ಇದ್ದಾರೆ," ಎಂದರು. ಅವರು ಹೋದ ಮೇಲೆ ಲೆಕ್ಕಪತ್ರ ವಿಭಾಗದ ಒಬ್ಬರು ಬಂದರು. ಅವರಿಗೂ ಒಬ್ಬ ಮಾವ. ಸಿದ್ದಯ್ಯನವರು ಬಂದು ಜೀವನದಲ್ಲಿ ಮೊದಲ ಬಾರಿಗೆ ಪಿಸುಗುಟ್ಟಿದರು, ಅವರಿಗೆ ಮಾವ ಎರಡು ಜನ ಇದ್ದರಂತೆ. ಹೀಗೆ ಅನ್ನ ಆರುವುದರೊಳಗೆ ಹದಿಮೂರು ಮಾವಂದಿರ ವಿಚಾರಣೆಯಾಯಿತು.

ಎಲ್ಲರೂ ಹೋದ ಮೇಲೆ ತಿಲಕ್ ಬಂದ. ಪಂಚೆ ಬದಲಿಸಿ ಪ್ಯಾಂಟು ಹಾಕಿದ್ದ, ಟೈ ಇರಲಿಲ್ಲ. ನಲ್ಲಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಲೋಕಣ್ಣ, ತಪ್ಪಾಯ್ತು. ಮೈಕಿನಲ್ಲೇ ಹೇಳ್ತೇನೆ ಬೇಕಾದ್ರೆ."

"ಇರಲಿ ಮಾರಾಯ. ಊಟ ಮಾಡು."

ಅವನು ಹೋಗಲಿಲ್ಲ. "ಮತ್ತೆ... ಆ ಪ್ಯಾಕೆಟ್ ಒಂದು ಸಿಕ್ಬಹುದಾ? ನನಗಲ್ಲ. ನನ್ನ ಮಾವನಿಗೆ."

ತಿಲಕನಿಗೆ ಆಗ ಮನೆಯವರು ಪುತ್ತೂರಿನ ಸುತ್ತಮುತ್ತ ಇನ್ನೂ ಹುಡುಗಿ ಹುಡುಕುತ್ತಿದ್ದರು. ನಾನು ಅದನ್ನು ಎತ್ತಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದು.

"ಕೊಡುವ. ಮಾವನ ಸೊಂಟದ ಅಳತೆ ಎಷ್ಟು?"

ತಿಲಕ್ ತನ್ನ ಬೆಲ್ಟಿನ ಜಾಗವನ್ನು ಒಮ್ಮೆ ಬಗ್ಗಿ ನೋಡಿಕೊಂಡು, "ಮೂವತ್ತಾರು," ಎಂದ.